ಇಳಿಸಿದ ಅರ್ಧ ಸ್ವರ

ಪಾರ್ಮಾ, ಸೋಮವಾರ

ಅವ್ವಾ,

ನಾನು ಮಾಡಿದ್ದು ಮೋಸವೇ. ಇವತ್ತಿನ ಸಂಗೀತ ನಾಟಕದ ಕೊನೆಯ ಹಾಡಿನ ಎತ್ತರದ ಸ್ವರಕ್ಕೆ ಹೆದರಿ, ಇಡೀ ವಾದ್ಯಮೇಳದ ಶ್ರುತಿಯನ್ನೇ ಅರ್ಧ ಸ್ವರ ಇಳಿಸಲು ಹೇಳಿದ್ದೆ. ಕೆಳಗೆ ಮಖಮಲ್ಲಿನ ಕುರ್ಚಿಗಳಲ್ಲಿದ್ದ ಸಾಹುಕಾರರಿಗೆ ಗೊತ್ತೇ ಆಗಲಿಲ್ಲ, ಚಪ್ಪಾಳೆ ತಟ್ಟಿದರು. ಗೊತ್ತಾದದ್ದು ಅಗ್ಗದ ಟಿಕೇಟಿನ ಅಟ್ಟದಲ್ಲಿ ನಿಂತಿದ್ದ ನಿಮಗೆ: ಬಟ್ಟೆ ಒಗೆಯುವವರಿಗೆ, ಹಂದಿಮಾಂಸಕ್ಕೆ ಉಪ್ಪು ಸವರುವ ಕೂಲಿಗಳಿಗೆ.

ಮೊದಲು ಛೀಮಾರಿಯ ಸಿಳ್ಳೆ ಹಾಕಿದವಳು ನೀನು. "ಅರ್ಧ ಸ್ವರ ಎಲ್ಲಿ ನುಂಗಿದ್ಯೋ ಕಳ್ಳಾ? ನನ್ನ ಹೊಟ್ಟೇಲಿ ಹುಟ್ದೋನೇ ಅಲ್ಲ ನೀನು, ಮನೆ ಹೊಸ್ತಿಲು ತುಳೀಬೇಡ!"

ನಾಟಕದ ಕತ್ತಿಯೇಟಿಗೆ ಸತ್ತು ರಂಗದ ಮೇಲೆ ಬಿದ್ದಿದ್ದ ನಾನು ಕಣ್ಣು ಬಿಟ್ಟು, "ಸುಮ್ನಿರೇ ಅವ್ವಾ!" ಎಂದೆ. ನನ್ನ ಹೆಣದ ಮೇಲೆ ಬಿದ್ದು ಅಳುತ್ತಿದ್ದ ನಾಯಕಿಯೂ ನಕ್ಕುಬಿಟ್ಟಳು.

ನಾಳೆ ನಿನ್ನ ಅವ್ವನನ್ನು ಒಳಗೆ ಬಿಡುವುದಿಲ್ಲ ಎಂದು ರಂಗಮಂದಿರದ ಮ್ಯಾನೇಜರ್ ನನ್ನ ಮೇಲೆ ಹಾರಾಡಿದ. ಅವಳಿಗೆ ಬಾಗಿಲು ಮುಚ್ಚಿದರೆ ನನ್ನ ಬಾಯಿಯೂ ಮುಚ್ಚಿತು ಎಂದೆ. ಕಿವಿ ಇರುವವರನ್ನು ಹೊರಗಟ್ಟಿ ಯಾರಿಗೆ ಹಾಡಲಿ?

ನಾಳೆ ಶ್ರುತಿ ಇಳಿಸುವುದಿಲ್ಲ. ಗಂಟಲು ಬಿರಿದರೆ ಮೊದಲ ಸಿಳ್ಳೆ ನಿನ್ನದೇ ಇರಲಿ. ಬಿರಿಯದಿದ್ದರೆ ಚಿಲಕ ತೆಗೆದು, ಒಲೆಯ ಮೇಲೆ ಸಾರು ಇಟ್ಟಿರು. ಇವತ್ತು ರಾತ್ರಿ ನಾನು ತಂಗಿರುವ ಈ ಹೋಟೆಲಿನವನು ಸಾರಿನ ಶ್ರುತಿಯನ್ನೂ ಇಳಿಸಿದ್ದಾನೆ.

ನಿನ್ನ ಹೊಟ್ಟೆಯಲ್ಲೇ ಹುಟ್ಟಿದ ಕಳ್ಳ,
ಒರೆಸ್ತೆ