ಮೂಳೆಯ ಮೇಲಿನ ಓರೆಗೆರೆ

ತುಮಕೂರು
೧೨ ಜುಲೈ ೨೦೨೫

ಪ್ರೀತಿಯ ದೀಪಿ,

ಪತ್ರದ ತಲೆಗೆ 'ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ' ಎಂದು ಹಾಕುವುದು ನಮ್ಮಪ್ಪ ಕಲಿಸಿದ ರೂಢಿ. ಇವತ್ತು ಆ ಸಾಲು ಬರೆಯಲು ಮನಸ್ಸು ಬರುತ್ತಿಲ್ಲ. ಕುಣಿಗಲ್ ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿ ಬಂದ ಮೇಲೆ ಇಷ್ಟು ದಿನ ಸುಮ್ಮನಿದ್ದೆ, ತಪ್ಪು ತಿಳಿಯಬೇಡ. ಪಾಲಿಟೆಕ್ನಿಕ್‌ನಲ್ಲಿ ಪರೀಕ್ಷೆಯ ಕೆಲಸ ಇತ್ತು ಅನ್ನಬಹುದು. ಸುಳ್ಳು. ಧೈರ್ಯ ಸಾಲಲಿಲ್ಲ. ಫೋನ್ ಮಾಡೋಣವೆಂದರೆ ನಿನ್ನ ಫೋನನ್ನು ನಿನಗಿಂತ ಮೊದಲು ನಿನ್ನ ಗಂಡ ಎತ್ತುತ್ತಾನೆ. ಅದಕ್ಕೇ ನಿನ್ನ ಫ್ಯಾಕ್ಟರಿ ವಿಳಾಸಕ್ಕೆ ಈ ಪತ್ರ. ಎಡಗೈಗೆ ಪಟ್ಟಿ ಕಟ್ಟಿಕೊಂಡೇ ಡ್ಯೂಟಿಗೆ ಹೋಗುತ್ತಿದ್ದೀಯಂತೆ. ಮನೆಯಲ್ಲಿ ಕೂತಿರುವುದಕ್ಕಿಂತ ಅದೇ ವಾಸಿ ಅನ್ನಿಸಿತೇನೋ.

ಮೊದಲು ಒಳ್ಳೆಯ ಸುದ್ದಿ. ನಿನ್ನಪ್ಪ ಬಿಪಿ ಮಾತ್ರೆಯನ್ನು ಹೇಳಿಸಿಕೊಳ್ಳದೆ ನುಂಗುತ್ತಿದ್ದಾರೆ, ಪವಾಡವೇ ಸರಿ. ಗುಬ್ಬಿಯಲ್ಲಿ ನಿನ್ನ ಸೋದರಮಾವ ರುದ್ರಯ್ಯ ಲೇತ್ ಶೆಡ್ಡನ್ನು ದೊಡ್ಡದು ಮಾಡಿದ್ದಾನೆ. ಟ್ರಾಕ್ಟರ್ ಶಾಫ್ಟುಗಳ ಆರ್ಡರ್ ಬಂದಿದೆಯಂತೆ. "ಅಳತೆ ಚೆಕ್ ಮಾಡಕ್ಕೆ ಒಬ್ರೂ ಸರಿಯಾದೋರು ಸಿಕ್ತಿಲ್ಲ ಕಣಕ್ಕ. ದೀಪಿ ಬರೋದಾದ್ರೆ ನಾಳೆನೇ ಟೇಬಲ್ ಹಾಕಿಸ್ತೀನಿ" ಅಂದ. ನಾನು ಕೇಳಿದ್ದಲ್ಲ, ಅವನಾಗಿಯೇ ಅಂದದ್ದು. ಸರಿ, ಸ್ವಲ್ಪ ನಾನೂ ಕೇಳಿದೆ ಅನ್ನು.

ಈಗ ವಿಷಯಕ್ಕೆ ಬರುತ್ತೇನೆ. "ಬಚ್ಚಲಲ್ಲಿ ಜಾರಿ ಬಿದ್ದೆ ಕಣಮ್ಮ, ಕೈ ಕಲ್ಲಿಗೆ ಬಡೀತು" ಅಂದೆ ನೀನು. "ಪಾಚಿ ಕಟ್ಟಿತ್ತು ಅತ್ತೆ, ನಾನೇ ತೊಳೀಬೇಕಿತ್ತು" ಅಂದ ಗುರುಪ್ರಕಾಶ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ ಮಹಾರಾಯ. ಆದರೆ ನಾನು ಎಕ್ಸ್‌ರೇ ನೋಡಿದೆ. ನಿನ್ನ ಮೊಣಕೈ ಮೇಲಿನ ಮೂಳೆಯ ಸುತ್ತ ಒಂದು ಗೆರೆ ಓರೆಯಾಗಿ, ಕಂಬಕ್ಕೆ ಬಳ್ಳಿ ಹಬ್ಬಿದಂತೆ ಸುತ್ತಿಕೊಂಡು ಹೋಗಿತ್ತು.

ನೀನೂ ನನ್ನ ಕ್ಲಾಸಿನಲ್ಲಿ ಕೂತು ಶಾಫ್ಟುಗಳ ಪಾಠ ಕೇಳಿದವಳು. ಸೀಮೆಸುಣ್ಣವನ್ನು ಬಗ್ಗಿಸಿದರೆ ನೆಟ್ಟಗೆ ಅಡ್ಡಕ್ಕೆ ಮುರಿಯುತ್ತದೆ. ಎರಡು ತುದಿ ಹಿಡಿದು ತಿರುಚಿದರೆ ಓರೆಯಾಗಿ ಸುತ್ತಿಕೊಂಡು ಮುರಿಯುತ್ತದೆ. ತಿರುಚಿದಾಗ ನಟ್ಟನಡುವೆ ಒತ್ತಡ ಸೊನ್ನೆ, ಹೊರಮೈಯಲ್ಲೇ ಎಲ್ಲಕ್ಕಿಂತ ಹೆಚ್ಚು, ಬಿರುಕು ಅಲ್ಲಿಂದಲೇ ಶುರು. ಈ ಪ್ರಶ್ನೆಗೆ ನೀನು ಪೂರ್ತಿ ಮಾರ್ಕ್ಸ್ ತೆಗೆದಿದ್ದೆ ಕಣೇ. ಸುಳ್ಳು ಹೇಳುವಾಗಲಾದರೂ ನೆನಪಾಗಬಾರದಿತ್ತೇ?

ಡಾಕ್ಟರನ್ನು ಕೇಳಿದೆ. "ಬೀಳೋವಾಗ ಕೈ ತಿರುಚ್ಕೊಂಡ್ರೂ ಹೀಗಾಗ್ಬಹುದು ಮೇಡಂ, ಇಂಥದ್ದೇ ಅಂತ ಹೇಳಕ್ಕಾಗಲ್ಲ" ಅಂದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಆ ಮಾತನ್ನೇ ನಂಬಿಕೊಂಡು ಬಸ್ ಹತ್ತಿಬಿಡೋಣ ಅನ್ನಿಸಿತು. ಆದರೆ ಹೇಗೆ ಬಿದ್ದೆ ಅಂತ ನಾನು ಮತ್ತೆ ಕೇಳಿದಾಗ ನೀನು ಮೊದಲು ಅವನ ಮುಖ ನೋಡಿದೆ, ಆಮೇಲೆ ಉತ್ತರ ಹೇಳಿದೆ. ಅದನ್ನು ತಿಳಿಯಲು ಎಕ್ಸ್‌ರೇ ಬೇಕಿರಲಿಲ್ಲ.

ಈ ವಾರ ಕ್ಲಾಸಿನಲ್ಲಿ ಮತ್ತೆ ಅದೇ ಪಾಠ ಬಂತು. ಸೀಮೆಸುಣ್ಣ ಕೈಗೆತ್ತಿಕೊಂಡೆ. "ಮೇಡಂ, ತಿರುಚಿ ತೋರ್ಸಿ" ಅಂತ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ನನ್ನ ಕೈಲಿ ಆಗಲಿಲ್ಲ ದೀಪಿ. ಡಬ್ಬಿಗೆ ವಾಪಸು ಹಾಕಿ, ಸ್ಟಾಫ್ ರೂಮಿಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ಸಂಜೆ ನಿನ್ನಪ್ಪನಿಗೆ ಎಲ್ಲ ಹೇಳಿದೆ. 'ಹೊಂದಿಕೊಂಡು ಹೋಗಲಿ' ಅಂದರೆ ಜಗಳಕ್ಕೆ ನಿಲ್ಲಬೇಕೆಂದು ಸೆರಗು ಸಿಕ್ಕಿಸಿಕೊಂಡೇ ಕೂತಿದ್ದೆ. ಅವರು ನೋಡಿದರೆ, "ಜನ ಏನಂತಾರೆ ಅನ್ನೋದ ಆಮೇಲೆ ನೋಡ್ಕಳನ ಬುಡೇ. ಮಗು ಮನೆಗೆ ಬರ್ಲಿ" ಅಂದರು. ಕಟ್ಟಿಕೊಂಡ ಜಗಳವೆಲ್ಲ ದಂಡವಾಯಿತು. ಮಾರನೆಯ ದಿನವೇ ಮುಂದಿನ ಕೋಣೆ ಖಾಲಿ ಮಾಡಿ, ಕಿಟಕಿಗೆ ತಾವೇ ಪರದೆ ತಂದು ಹಾಕಿದ್ದಾರೆ. ಬಣ್ಣ ನೋಡಿದರೆ ನಿನಗೆ ತಲೆನೋವು ಬರುತ್ತದೆ. ಬೈಯಬೇಡ, ಪಾಪ.

ಗುರುವಾರ ನಿನ್ನ ಶಿಫ್ಟ್ ಮುಗಿಯುವ ಹೊತ್ತಿಗೆ ಅಪ್ಪ, ನಾನು ಫ್ಯಾಕ್ಟರಿ ಗೇಟಿನ ಹತ್ತಿರ ಇರುತ್ತೇವೆ. ಬ್ಯಾಗ್ ಒಂದು ಸಾಕು, ಸೀರೆ ಪಾತ್ರೆ ಅಂತ ಯೋಚಿಸಬೇಡ. ಇನ್ನೂ ಮನಸ್ಸಾಗಿಲ್ಲ ಅಂದರೆ ಮೂವರೂ ಕಾಫಿ ಕುಡಿಯೋಣ, ನಾವು ವಾಪಸು ಹೋಗುತ್ತೇವೆ, ಮುಂದಿನ ಗುರುವಾರ ಮತ್ತೆ ಬರುತ್ತೇವೆ. ಮೂಳೆ ಚೆನ್ನಾಗಿ ಕೂಡುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ಅದೊಂದು ಮಾತನ್ನು ಮಾತ್ರ ಅವರು ಖಡಾಖಂಡಿತವಾಗಿ ಹೇಳಿದರು.

ಶಿವ ನಿನ್ನ ಬೆನ್ನಿಗಿರಲಿ. ಆ ಕೈಗೆ ಬೇಗ ಬಲ ಬರಲಿ.

ನಿನ್ನ ಅಮ್ಮ,
ಸರ್ವಮಂಗಳ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿದ್ದು. ಅವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನರ್ಸ್ ಹನುಮಂತಮ್ಮ ಹಿಂದೆಯೇ ಬಂದು ಹೇಳಿದಳು: "ಎಕ್ಸ್‌ರೇ ನಮ್ಮಮ್ಮಂಗೆ ತೋರಿಸ್ಬೇಡಿ, ನೋಡಿದ್ ತಕ್ಷಣ ಗೊತ್ತಾಗೋಗುತ್ತೆ ಅಂತ ನಿಮ್ ಹುಡುಗಿ ನಂಗೆ ಕೈ ಮುಗುದ್ಲು ಕಣವ್ವ." ಕೈ ಮುಗಿಯಲು ಎರಡು ಕೈ ಬೇಕಲ್ಲ ದೀಪಿ. ಆ ಮುರಿದ ಕೈಯನ್ನೂ ಎತ್ತಿದೆಯಲ್ಲ ಮಗಳೇ, ಅದೂ ನನಗೆ ಗೊತ್ತಾಗದಿರಲೆಂದು. ನನಗೆ ಗೊತ್ತಾಗಿದೆ. ಬಾ.