ಪ್ರಸಂಗದಲ್ಲಿ ನನ್ನ ಸಂಕಟ

ಪಾಸ್ಟರ್ ಅಯ್ಯನವರಿಗೆ ವಂದನೆಗಳು.

ಮಗಳನ್ನು ಮಣ್ಣು ಮಾಡಿ ಬಂದ ದಿನ ನಾನು ದೇವರನ್ನು ಕಟುಕ ಎಂದು ಬೈದು ಬೈಬಲನ್ನು ಗೋಡೆಗೆಸೆದಿದ್ದನ್ನು ನಿಮ್ಮೊಬ್ಬರಿಗೇ ಹೇಳಿದ್ದೆ. "ನನ್ನ ಬಾಯಿಂದ ಹೊರಬೀಳಲ್ಲಮ್ಮ" ಅಂದಿದ್ದಿರಿ. ಈ ಭಾನುವಾರ ಆರಾಧನೆಯಲ್ಲಿ ಎಲ್ಲರೆದುರು ನಿಂತು ಅದನ್ನೇ ಪ್ರಸಂಗ ಮಾಡಿದಿರಿ. "ನಮ್ಮ ಸಭೆಯ ಒಬ್ಬ ದರ್ಜಿ ಹೆಂಗಸು" ಅಂದಿರಿ. ಸಭೆಯಲ್ಲಿ ಬಟ್ಟೆ ಹೊಲಿಯುವವಳು ನಾನೊಬ್ಬಳೇ ಅಲ್ಲವೇ? ಮಗ್ಗುಲಲ್ಲಿ ಕೂತಿದ್ದ ನಮ್ಮತ್ತೆ ಎದ್ದು ಬೇರೆ ಬೆಂಚಿಗೆ ಹೋದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಜೊತೆಯಲ್ಲಿ ಕೂತು ಉಂಡ ಶಿಷ್ಯನೇ ಯೇಸುಸ್ವಾಮಿಯನ್ನೂ ಶತ್ರುಗಳಿಗೆ ಹಿಡಿದುಕೊಟ್ಟನಲ್ಲ ಎಂಬುದು ನೆನಪಾಯಿತು. ಸ್ವಾಮಿಗೆ ನನ್ನ ನೋವು ಗೊತ್ತು ಅನ್ನಿಸಿ, ಮಗಳು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತುಬಿಟ್ಟೆ. ಎದೆ ಹಗುರಾಯಿತು.

ಇನ್ನು ಮುಂದೆ ಸಂಜೆ ಹೊತ್ತು ದೇವಾಲಯದ ಪಕ್ಕದ ಬಾಗಿಲಿಗೆ ಬೀಗ ಹಾಕಿಸಬೇಡಿ. ನಾನು ಪ್ರಾರ್ಥನೆಗೆ ಬರ್ತೀನಿ. ನೀವು ಬರುವುದು ಬೇಡ, ಆತನಿದ್ದರೆ ಸಾಕು.

ಇಂತಿ,
ಮಗುವಿನ ತಾಯಿ