ಬಲಗಣ್ಣಿಗೆ ಮಾತ್ರ

ಅಮ್ಮಾ,

ಓದಲು ನೀನಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದ್ದಿದ್ದರೂ ಓದಲು ನಿನಗೆ ಕಣ್ಣೆಲ್ಲಿ ಉಳಿದಿತ್ತು? ಇವತ್ತು ನನಗೆ ಸಿಟ್ಟು ನೆತ್ತಿಗೇರಿದೆ, ಕೇಳು.

ನಿನ್ನ ಗ್ಲಾಕೋಮಾ ನನಗೂ ಬಂದಿದೆ. ಕಣ್ಣಿನೊಳಗಿನ ಒತ್ತಡ ಎರಡರಲ್ಲೂ ಇಪ್ಪತ್ತಾರಿತ್ತು. ನಿನಗೆ ಮೊದಲು ಕೊಟ್ಟಿದ್ದ ಹನಿಯನ್ನೇ ನಿನ್ನ ಡಾಕ್ಟರು ಹೋದ ತಿಂಗಳು ನನಗೂ ಕೊಟ್ಟು, "ಬಲಗಣ್ಣಿಗೆ ಮಾತ್ರ ಹಾಕ್ಕೊಳ್ಳಿ. ಎಡಗಣ್ಣು ಹೋಲಿಸಿ ನೋಡೋಕೆ ಬೇಕು" ಎಂದಿದ್ದರು. ಇವತ್ತು ಅಳೆದರೆ ಬಲಗಣ್ಣು ಹದಿನೇಳಕ್ಕೆ ಇಳಿದಿದೆ, ಎಡಗಣ್ಣು ಇದ್ದಲ್ಲೇ ಇದೆ.

"ಭೇಷ್! ನಿಮಗೆ ಚೆನ್ನಾಗಿ ಹಿಡಿದಿದೆ. ನಿಮ್ಮ ತಾಯಿಗೆ ಎರಡೂ ಕಣ್ಣು ಒಂದೇ ಸಮ ಇಳಿದಿತ್ತು. ಹನಿ ಹಾಕದ ಕಣ್ಣೂ ಇಳಿದ ಮೇಲೆ ಇದು ಹನಿಯ ಕೆಲಸ ಅಲ್ಲ ಅಂತ ನಿಲ್ಲಿಸಿದೆ. ಬೇರೆ ಯಾವುದೂ ಹಿಡೀಲೇ ಇಲ್ಲ, ಪಾಪ" ಎಂದರು.

ಹನಿ ಹಾಕದ ಕಣ್ಣಂತೆ! ಅಣ್ಣನಿಗೂ ನನಗೂ ಒಂದೇ ಥಾನಿನಲ್ಲಿ ಅಂಗಿ ಹೊಲಿದವಳು ನೀನು. "ಎಡಗಣ್ಣೇನು ಮಲಮಗುವೇನೋ? ಅದಕ್ಕೂ ಒಂದು ಹನಿ ಬಿಡೋ" ಎಂದವಳು ನೀನು. ಡಾಕ್ಟರು ಕೇಳಿದಾಗ, "ಬಲಗಣ್ಣಿಗೇ ಹಾಕಿದ್ದು ಸ್ವಾಮಿ" ಎಂದು ರೆಪ್ಪೆ ಮಿಟುಕಿಸದೆ ಸುಳ್ಳು ಹೇಳಿದವಳೂ ನೀನೇ. ಯಾರಿಗೆ ಬೇಕಿತ್ತು ಆ ಸಮಪಾಲು? ಸೂಜಿಗೆ ದಾರ ಪೋಣಿಸುವ ಕಣ್ಣುಗಳನ್ನೇ ಕಳೆದುಕೊಂಡೆಯಲ್ಲ!

ಇವತ್ತು ನನ್ನನ್ನೂ ಕೇಳಿದರು, "ಎಡಗಣ್ಣಿಗೆ ಹಾಕಿಲ್ಲ ತಾನೇ?" ಎಂದು. ಒಂದು ಮಾತಿಗೆ ಹತ್ತು ಮಾತಾಡುವ ನಾನು ಇಲ್ಲವೆಂದು ಬರೀ ತಲೆಯಾಡಿಸಿದೆ. ಅಂದು ನೀನು ಉತ್ತರ ಕೊಡುವಾಗಲೂ ನಾನು ನಿನ್ನ ಕುರ್ಚಿಯ ಹಿಂದೆಯೇ ನಿಂತಿದ್ದೆ. ಹನಿಯ ಬಾಟಲಿ ನನ್ನ ಜೇಬಿನಲ್ಲಿತ್ತು.